ಕಕ್ಕೆಯ ಬುಡದ ಒಣಮಣ್ಣು

ನನಗೆ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಮನೆಯವರೆಲ್ಲ ನೀರನ್ನು ಕದ್ದು ಕುಡಿಯುತ್ತಿದ್ದೆವು. ಅಪ್ಪ ಪಾತ್ರೆ ತೊಳೆಯುವ ಮೋರಿಯ ಗಿಡ್ಡ ಗೋಡೆಯ ಹಿಂದೆ ಬಗ್ಗಿ, ಮುಖ ತೊಳೆಯುವವನಂತೆ ನಟಿಸುತ್ತ ಕುಡಿಯುತ್ತಿದ್ದ. ಅವ್ವ ರೊಟ್ಟಿ ಬಡಿಯುವ ಸದ್ದಿನ ನಡುವೆ, ಹಿಟ್ಟಿಗೆಂದು ಇಟ್ಟುಕೊಂಡ ತಂಬಿಗೆಯನ್ನೇ ಎತ್ತಿ ಎರಡು ಗುಟುಕು ಇಳಿಸಿಕೊಳ್ಳುತ್ತಿದ್ದಳು. ನಾನು ಶಾಲೆಯ ನಳಕ್ಕೆ ಬಾಯಿ ಹಚ್ಚಿ ಹೊಟ್ಟೆ ಗುಡುಗುಡು ಅನ್ನುವಷ್ಟು ಕುಡಿದು, ಒಂಟೆಯಂತೆ ಮನೆಗೆ ಬರುತ್ತಿದ್ದೆ. ಇದೆಲ್ಲ ಯಾರ ಕಣ್ಣು ತಪ್ಪಿಸಿ ನಡೆಯುತ್ತಿತ್ತೋ ಆ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಎಲ್ಲವೂ ಗೊತ್ತಿತ್ತು. ಗೋಡೆಗೆ ಒರಗಿ, ಕಾಲು ಚಾಚಿ ಕೂತು, ಮೋರಿಯ ಕಡೆ ನೋಡದೆಯೇ ಅನ್ನುತ್ತಿದ್ದಳು:

"ಕುಡೀರಿ, ಕುಡೀರಿ. ನಾ ಏನ ನಿಮ್ಮ ಗಂಟಲಾ ಎಣಸಾಕ ಕುಂತಿಲ್ಲ."

ಆಯಿಯ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಸಯನ್‌ನಲ್ಲಿ ಆಸ್ಪತ್ರೆಯ ಹತ್ತಿರವೇ ಮನೆಯಿದ್ದುದರ ಒಂದೇ ಲಾಭವೆಂದರೆ ಅದಕ್ಕಾಗಿ ಲೋಕಲ್ ರೈಲು ಹತ್ತುವ ಗೋಳು ಇರಲಿಲ್ಲ. ಹೋಗುವಾಗ ಅಪ್ಪನ ಕೈ ಹಿಡಿದು ನಡೆದೇ ಹೋಗುತ್ತಿದ್ದಳು, ಬರುವಾಗ ಟ್ಯಾಕ್ಸಿ. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದಕ್ಕಿಂತ ಒಂದು ಗುಟುಕು ಹೆಚ್ಚಾದರೂ ಅದು ಎದೆಗೆ, ಪುಪ್ಪುಸಕ್ಕೆ ಏರುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಚಹಾ, ಸಾರು, ಗುಳಿಗೆ ನುಂಗುವ ನೀರು, ಎಲ್ಲವೂ ಆ ಮುಕ್ಕಾಲು ಲೀಟರಿನೊಳಗೇ. ನನ್ನದೊಂದು ಹಳೆಯ ಶಾಲೆಯ ಬಾಟಲಿ ಸರಿಯಾಗಿ ಅಷ್ಟೇ ಹಿಡಿಯುತ್ತಿತ್ತು. ಪ್ರತಿ ಬೆಳಿಗ್ಗೆ ಅದನ್ನು ತುಂಬಿ ಆಯಿಯ ಪಕ್ಕ ಇಡುವ ಕೆಲಸ ನನ್ನ ಪಾಲಿಗೆ ಬಂತು.

"ನಾ ಕೊಟ್ರ ಹೆಚ್ಚ ಹಾಕ್ತೀನಿ. ನಿಮ್ಮಪ್ಪನೂ ಹಂಗ," ಅಂದಳು ಅವ್ವ. "ನೀ ಯಾರ ಮಾತೂ ಕೇಳಂಗಿಲ್ಲ. ನೀನ ಮಾಡು."

ನಾನು ಇದನ್ನು ಹೊಗಳಿಕೆ ಎಂದುಕೊಂಡೆ. ಆಯಿ ಚಹಾ ಕುಡಿದರೆ ಅವಳ ಎದುರಿಗೇ ಬಾಟಲಿಯಿಂದ ಒಂದು ಕಪ್ ನೀರನ್ನು ಕೊಡಕ್ಕೆ ವಾಪಸು ಸುರಿಯುತ್ತಿದ್ದೆ. ನ್ಯಾಯ ಅಂದರೆ ನ್ಯಾಯ. ಆ ವಯಸ್ಸಿನಲ್ಲಿ ನನಗೆ ನ್ಯಾಯದ ಮೇಲೆ ಇದ್ದಷ್ಟು ಪ್ರೀತಿ ಮನುಷ್ಯರ ಮೇಲೆ ಇತ್ತೋ ಇಲ್ಲವೋ, ಈಗ ಹೇಳುವುದು ಕಷ್ಟ.

ಮನೆಯ ಬಗ್ಗೆ ಹೇಳಬೇಕು. ಎರಡು ಮಹಡಿಯ ಹಳೆಯ ಬಿಲ್ಡಿಂಗ್, ನೆಲಮಹಡಿಯ ಹಿಂಬದಿ, ಒಂದು ರೂಮು, ಒಂದು ಅಡುಗೆಮನೆ. ಅಪ್ಪನದು ಲಾದಿ, ಅಂದರೆ ನೆಲದ ಟೈಲ್ಸ್, ಕೂರಿಸುವ ಕೆಲಸ. ಊರಿನವರ ಮನೆಗಳಲ್ಲಿ ಉಳಿದ, ಒಡೆದ, ಬಣ್ಣ ಹೊಂದದ ಲಾದಿಗಳೆಲ್ಲ ನಮ್ಮ ಮನೆಯ ನೆಲಕ್ಕೆ ಬಂದು ಸೇರುತ್ತಿದ್ದವು. ಯಾರದೋ ಬಾತ್‌ರೂಮಿನ ನೀಲಿ, ಯಾರದೋ ದೇವರಮನೆಯ ಬಿಳಿ, ಹೋಟೆಲೊಂದರ ಕೆಂಪು ಹೂವು. ನಾನು ಅಕ್ಷರ ಕಲಿಯುವ ಮೊದಲು ಈ ನೆಲವನ್ನು ಓದುವುದು ಕಲಿತಿದ್ದೆ. ಕೆಂಪು ಹೂವಿನ ಮೇಲೆ ಕಾಲಿಟ್ಟರೆ ಅವ್ವನ ಒಲೆ, ನೀಲಿಯ ಮೇಲೆ ಇಟ್ಟರೆ ಹಿತ್ತಲ ಬಾಗಿಲು. ಆ ಬಾಗಿಲಿನ ಆಚೆ, ಬಿಲ್ಡಿಂಗಿನ ಬೆನ್ನಿಗೂ ಕಂಪೌಂಡ್ ಗೋಡೆಗೂ ನಡುವೆ ಎಂಟು ಅಡಿ ಅಗಲದ ಒಂದು ಪಟ್ಟಿ ಜಾಗ. ಅಡುಗೆಮನೆಯ ಕಿಟಕಿಯ ಮೇಲೆ ಮಳೆಗೆಂದು ಹಾಕಿದ ತಗಡಿನ ಪತ್ರಾ, ಅದರಾಚೆ ಮಧ್ಯಾಹ್ನದ ನಂತರ ಮೂರು ತಾಸು ಬಿಸಿಲು. ಅದಕ್ಕೂ ಲಾದಿ ಹಾಕಿ 'ಫಸ್ಟ್ ಕ್ಲಾಸ್' ಮಾಡುತ್ತೇನೆಂದು ಅಪ್ಪ ಹೊರಟಾಗ ಆಯಿ ಅಡ್ಡ ಕೂತಿದ್ದಳಂತೆ.

"ಕಾಲ ಇಡಾಕ ಒಂದ ಕಡೆನರ ಮಣ್ಣ ಇರಲೋ. ಎಲ್ಲಾ ಕಡೆ ನಿನ್ನ ಲಾದಿ ಬಡದ್ರ ನಾ ಸತ್ತಂಗ."

ಅಲ್ಲಿ ಅವಳು ಕಕ್ಕೆ ಹಚ್ಚಿದಾಗ ನನಗೆ ಆರು ವರ್ಷ. ಕೋಟೆ ಗುಡ್ಡದ ರಸ್ತೆಯಲ್ಲಿ ಬಿದ್ದಿದ್ದ ಒಂದು ಉದ್ದನೆಯ ಕಪ್ಪು ಕಾಯಿಯನ್ನು, ಶಾಲೆಯ ರೂಲುದೊಣ್ಣೆಯಂಥದ್ದನ್ನು, ನಾನೇ ಎತ್ತಿ ತಂದಿದ್ದೆ. ಯಾರಿಗೋ ಹೊಡೆಯುವ ಉದ್ದೇಶದಿಂದ. ಆಯಿ ಅದನ್ನು ಕಸಿದುಕೊಂಡು ಕಲ್ಲಿನಿಂದ ಒಡೆದಳು. ಒಳಗೆ ನಾಣ್ಯ ಜೋಡಿಸಿಟ್ಟಂಥ ತೆಳು ಬಿಲ್ಲೆಗಳು, ಅಂಟು, ಬಿಲ್ಲೆಗೊಂದು ಬೀಜ. ಬೀಜಗಳನ್ನು ಹೊಸ್ತಿಲ ಕಲ್ಲಿಗೆ ಹಾಕಿ ಉಜ್ಜಿದಳು. ಹಂಗ ಹಾಕಿದ್ರ ವರ್ಷ ಆದ್ರೂ ಬಾಯಿ ಬಿಡೂದಿಲ್ಲ ಅಂದಳು. ಬಿಸಿನೀರಿನಲ್ಲಿ ಒಂದು ದಿನ ನೆನೆಸಿದಳು. ಅಪ್ಪ ತಂದು ಸುರಿದಿದ್ದ ಇಟ್ಟಿಗೆ ಚೂರು, ಲಾದಿ ಚೂರುಗಳ ಮೇಲೆ ಮಣ್ಣು ಏರಿಸಿ ದಿಬ್ಬ ಮಾಡಿ ಊರಿದಳು, ಮಳೆಗಾಲದಲ್ಲಿ ಇಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆಂದು. ಹನ್ನೊಂದು ಬೀಜದಲ್ಲಿ ಒಂದು ಹುಟ್ಟಿತು.

"ಅತ್ತೀ, ಹಚ್ಚೂದಾದ್ರ ಮಲ್ಲಿಗಿ ಹಚ್ರಿ. ಈ ಕಾಡಗಿಡ ಯಾಕ?" ಅಂದಳು ಅವ್ವ.

"ಮಲ್ಲಿಗಿ ದಿನಾ ನೀರ ಕೇಳತೈತಿ. ಇದು ಕೇಳೂದಿಲ್ಲ."

ಮೊದಲೆರಡು ವರ್ಷ ಅದಕ್ಕೆ ನಮ್ಮೆಲ್ಲರ ಊಟದ ನೀರು. ನಮ್ಮ ಕಡೆಯವರು ಉಂಡ ಮೇಲೆ ಎದ್ದು ಹೋಗಿ ಕೈ ತೊಳೆಯುವುದಿಲ್ಲ; ಕೂತಲ್ಲೇ, ತಾಟಿನಲ್ಲೇ, ಒಂದು ಗುಟುಕಿನಷ್ಟು ನೀರಲ್ಲಿ ತೊಳೆಯುತ್ತಾರೆ. ನಾಲ್ಕು ತಾಟಿನ ನೀರನ್ನು ಆಯಿ ಒಂದಕ್ಕೆ ಸುರಿದುಕೊಂಡು ಸಸಿಗೆ ಹಾಕುತ್ತಿದ್ದಳು. ಮೊದಲ ಮಹಡಿಯ ವಾರಿಜಕ್ಕ ಉಡುಪಿ ಕಡೆಯವರು, ಗಂಡ ಹೋಟೆಲಿನಲ್ಲಿ ಮ್ಯಾನೇಜರು. ಅವರು ಇದನ್ನು ಮೊದಲ ಸಲ ನೋಡಿದ ದಿನ ಸೆರಗು ಮೂಗಿಗೆ ಒತ್ತಿಕೊಂಡರು.

"ಶಿ! ಉಂಡ ಬಟ್ಟಲಲ್ಲೇ ಕೈ ತೊಳೆಯುವುದಾ ಮಾರಾಯ್ತಿ? ಇದೆಂತ ಕ್ರಮ?"

"ನಿಮ್ಮೂರಾಗ ನೀರ ಪುಕ್ಕಟ ಬೀಳತೈತಿ ಮ್ಯಾಲಿಂದ," ಅಂದಳು ಆಯಿ. "ನಿಮಗೇನ ತಿಳೀತೈತಿ, ಹೋಗಽ."

ಕಕ್ಕೆ ಅಡುಗೆಮನೆಯ ಕಿಟಕಿಯ ಎತ್ತರಕ್ಕೆ ಬಂದ ಬೇಸಿಗೆಯಲ್ಲಿ ಆಯಿ ಈ ಪದ್ಧತಿ ನಿಲ್ಲಿಸಿದಳು. ಇನ್ನ ಅದು ದೊಡ್ಡ ಮನಶ್ಯಾ ಆತು, ಉಪ್ಪಿನ ಎಂಜಲಾ ಕೊಡಬಾರದು ಅಂದಳು. ಅವತ್ತಿನಿಂದ ದಿನಕ್ಕೆ ಎರಡು ತಂಬಿಗೆ ಒಳ್ಳೆಯ ನೀರು. ಅದೇ ಬೇಸಿಗೆಯಲ್ಲಿ ಅವ್ವನ ಒಂದು ಮಣ್ಣಿನ ಗಡಿಗೆ ಕಾಣೆಯಾಗಿ ಮನೆಯಲ್ಲಿ ವಾರಗಟ್ಟಲೆ ಜಗಳ ನಡೆಯಿತು. ಅವ್ವನ ಅನುಮಾನ ವಾರಿಜಕ್ಕನ ಮೇಲೆ. ಮೀನಿನ ಸಾರಿಗೆ ಮಣ್ಣಿನ ಗಡಿಗೆಯೇ ಬೇಕು ಅಂತ ಆಕೆ ಒಮ್ಮೆ ಅಂದಿದ್ದರಂತೆ. ಇಬ್ಬರೂ ಎರಡು ತಿಂಗಳು ಮಾತು ಬಿಟ್ಟಿದ್ದರು. ಆಯಿ ಆ ಜಗಳದಲ್ಲಿ ಯಾರ ಪಕ್ಷವನ್ನೂ ವಹಿಸಲಿಲ್ಲ, ಅದೇ ವಿಶೇಷ.

ಏಳನೆಯವರೆಗೆ ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಎಂಟಕ್ಕೆ ಇಂಗ್ಲಿಷ್ ಶಾಲೆಗೆ ಬಿದ್ದಾಗ ಮೊದಲ ಆರು ತಿಂಗಳು ಬಾಯಿ ಬಿಡಲಿಲ್ಲ. ಆಮೇಲೆ ಚರ್ಚಾಸ್ಪರ್ಧೆಯ ಸರ್ ಒಬ್ಬರು ನನ್ನನ್ನು ಹಿಡಿದು ಕಲಿಸಿದರು: ಎದುರಿನವರು ಏನು ಹೇಳುತ್ತಾರೋ ಅದನ್ನು ಅವರಿಗಿಂತ ಮೊದಲು ನೀನೇ ಹೇಳಿ ಮುರಿ. ಅವರು ದಾರಿ ತಪ್ಪಿಸಲು ನೋಡಿದರೆ ಅಲ್ಲೇ ತಡೆ. ಹೌದೋ ಅಲ್ಲವೋ ಎರಡರಲ್ಲಿ ಒಂದನ್ನು ಅವರ ಬಾಯಿಂದ ಹೊರಡಿಸು. ಇದು ನನಗೆ ಹಾಡು ಬಂದವರಿಗೆ ಹಾಡು ಬಂದಂತೆ ಬಂತು. ಅಭ್ಯಾಸಕ್ಕೆ ಕೇಳುವವರು ಬೇಕಿತ್ತು. ಅಪ್ಪ ಕೆಲಸಕ್ಕೆ, ಅವ್ವನಿಗೆ ಬೆಳಗಿನ ನೂರು ರೊಟ್ಟಿಯ ಆರ್ಡರು. ಉಳಿದವಳು ಆಯಿ. ಹಿತ್ತಲ ಮೆಟ್ಟಿಲ ಮೇಲೆ ಆಕೆ, ಕಕ್ಕೆಯ ಪಕ್ಕ ನಾನು. ನಾನು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಮೊದಲು ಪರವಾಗಿ, ಆಮೇಲೆ ಅಷ್ಟೇ ಆವೇಶದಿಂದ ವಿರುದ್ಧವಾಗಿ ಕೂಗಾಡುತ್ತಿದ್ದೆ. ಒಂದು ಅಕ್ಷರ ತಿಳಿಯದಿದ್ದರೂ ಆಯಿ ಕೊನೆತನಕ ಕೂತು ಕೇಳಿ ತೀರ್ಪು ಕೊಡುತ್ತಿದ್ದಳು:

"ಎರಡೂ ಖರೇ ಅನಸ್ತಾವಲ್ಲ ಬೇ, ಶೈಲೀ."

"ಎರಡೂ ಖರೆ ಇರಾಕ ಬರೂದಿಲ್ಲ, ಆಯಿ. ಒಂದು ಸುಳ್ಳ ಇರಬೇಕು."

"ಹಂಗೂ ಇರ್ತೈತಿ? ಅಲ್ಲ, ನೀ ಕಲತಾಕಿ. ನಿನಗ ಗೊತ್ತ."

ಡಯಾಲಿಸಿಸ್ ಶುರುವಾದ ಎರಡನೆಯ ಬೇಸಿಗೆಯಲ್ಲಿ ತೂಕ ಏರತೊಡಗಿತು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಆಯಿಯ ತೂಕ ಎಷ್ಟು ಹೆಚ್ಚಾಯಿತು ಎಂಬುದೇ ಆಕೆ ಎಷ್ಟು ನೀರು ಕುಡಿದಳು ಎಂಬುದರ ಸಾಕ್ಷಿ. ಎರಡು ಕಿಲೋ ಇದ್ದದ್ದು ಮೂರೂವರೆಗೆ ಬಂತು. ಪಾದ ಒತ್ತಿದರೆ ಹಿಟ್ಟಿನಲ್ಲಿ ಬೆರಳಿಟ್ಟಂತೆ ಗುಳಿ. ಡಯಾಲಿಸಿಸ್ ಮಾಡುವ ಟೆಕ್ನಿಷಿಯನ್ ಹಿಂದಿಯಲ್ಲಿ ಅಪ್ಪನನ್ನು ಬೈದ. ಅಪ್ಪ ಬಂದು ಅವ್ವನನ್ನು ನೋಡಿದ. ಅವ್ವ ನನ್ನನ್ನು ನೋಡಿದಳು. ಅಂದರೆ ಆರೋಪ ಬಂದು ನಿಂತದ್ದು ನನ್ನ ಬಾಟಲಿಯ ಮೇಲೆ. ನನ್ನ ಬಾಟಲಿ ಸರಿಯಾಗಿತ್ತು. ಹಾಗಿದ್ದರೆ ನೀರು ಬೇರೆಲ್ಲಿಂದಲೋ ಹೋಗುತ್ತಿರಬೇಕು. ಮನೆಯಲ್ಲಿ ಆಯಿಯ ಕೈಗೆ ನೀರು ಬರುತ್ತಿದ್ದುದು ಒಂದೇ ದಾರಿಯಿಂದ: ಗಿಡಕ್ಕೆಂದು ಬಕೆಟಿನಿಂದ ತುಂಬಿಕೊಂಡು ಹೋಗುವ ಎರಡು ತಂಬಿಗೆ.

ನಾನು ಮೂರು ದಿನ ಕಿಟಕಿಯಿಂದ ನೋಡಿದೆ. ಆಯಿ ಬೆನ್ನು ತಿರುಗಿಸಿ, ಕಂಪೌಂಡ್ ಗೋಡೆಯ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಸೆರಗು ತಲೆಯ ಮೇಲೆ. ಆ ಬೆನ್ನಿನಾಚೆ ಏನಾಗುತ್ತಿತ್ತೋ ಕಾಣುತ್ತಿರಲಿಲ್ಲ. ಮೂರನೆಯ ದಿನ ಅವಳ ಬಲ ಮೊಣಕೈ ಮೇಲೆ ಹೋಯಿತು. ಒಂದು ಕ್ಷಣ, ಅಷ್ಟೇ. ತಂಬಿಗೆ ಬಾಯಿಗೆ ಹೋದಂತೆ. ಬೆವರು ಒರೆಸಿಕೊಂಡಂತೆಯೂ ಇರಬಹುದು ಎಂದು ಈಗ ಬರೆಯುತ್ತಿದ್ದೇನೆ; ಆಗ ಹಾಗೆ ಅನಿಸಲಿಲ್ಲ. ಆಕೆ ಒಳಗೆ ಹೋದ ಮೇಲೆ ನಾನು ಓಡಿ ಹೋಗಿ ಗಿಡದ ಬುಡ ಮುಟ್ಟಿ ನೋಡಿದೆ. ಧೂಳು. ಏಪ್ರಿಲ್ ತಿಂಗಳ ಬಿಳಿಚಿಕೊಂಡ, ಬಿಸಿ ಧೂಳು.

ನನಗೆ ದುಃಖವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಆದದ್ದು ಖುಷಿ. ಗಣಿತದ ಲೆಕ್ಕ ಶೇಷವಿಲ್ಲದೆ ಬಗೆಹರಿದಾಗ ಆಗುವಂಥದ್ದು.

ಮರುದಿನ ಭಾನುವಾರ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ಅವ್ವ ಆಯಿಗೆಂದು ಎರಡು ಸಲ ಕುದಿಸಿ ನೀರು ಚೆಲ್ಲಿದ ಸಪ್ಪೆ ಬದನೆಕಾಯಿ, ನಮಗೆ ಎಣಗಾಯಿ ಮಾಡಿದ್ದಳು. ಹಳೆಯ ಜಗಳ ಮರೆತ ವಾರಿಜಕ್ಕ ಒಂದು ಡಬ್ಬಿ ಹಿಡಿದು ಬಂದವರು ಬಾಗಿಲಲ್ಲಿ ಕೂತಿದ್ದರು. ವಾದಕ್ಕೆ ನಿಂತಾಗ ಕೈಗಳನ್ನು ಹಿಂದೆ ಕಟ್ಟಿಕೊಳ್ಳಬೇಕೆಂದು ಸರ್ ಕಲಿಸಿದ್ದರು. ನಾನು ಎದ್ದು ನಿಂತೆ, ಕೈ ಹಿಂದೆ ಕಟ್ಟಿದೆ. ಬಲಗೈ ಮುಷ್ಟಿಯಾಗಿತ್ತು.

"ನಂದು ಮೂರ ಪಾಯಿಂಟ್ ಅದಾವ."

"ಮೊದಲ ಊಟಾ ಮಾಡಬೇ," ಅಂದಳು ಅವ್ವ.

"ಇಲ್ಲ, ಈಗ. ಪಾಯಿಂಟ್ ನಂಬರ್ ಒನ್. ಆಯಿ ವಜನ ಮೂರೂವರಿ ಕಿಲೋ ಮ್ಯಾಲ ಬರಾಕತ್ತೈತಿ. ನನ್ನ ಬಾಟಲಿ ನೀರಿಗೆ ಅಷ್ಟ ಆಗಂಗಿಲ್ಲ. ಪಾಯಿಂಟ್ ನಂಬರ್ ಟೂ. ಈ ಕಕ್ಕಿಗೆ ನೀರ ಬೇಕಾಗಿಲ್ಲ. ಲೈಬ್ರರಿ ಪುಸ್ತಕದಾಗ ನೋಡೀನಿ. ಮರಾಠ್ಯಾಗ ಬಹಾವಾ ಅಂದ್ರ ಇದ, ಮಳಿ ಇಲ್ಲದ ಕಡೆನೂ ಬದುಕತೈತಿ. ಅದಕ್ಕ ದಿನಾ ಎರಡ ತಂಬಗಿ ಯಾಕ?"

"ಕೇಳೂದಿಲ್ಲ ಅಂದಿದ್ನಿ," ಅಂದಳು ಆಯಿ, ರೊಟ್ಟಿ ಮುರಿಯುತ್ತ. "ಬ್ಯಾಡ ಅಂತೈತಿ ಅಂದಿಲ್ಲ."

"ಇದೆಂತ, ಕೋರ್ಟಾ?" ವಾರಿಜಕ್ಕ ನಕ್ಕರು. ಅಪ್ಪನೂ ನಕ್ಕ. ಅವನಿಗೆ ನನ್ನ ಈ ಮಾತಿನ ಮೇಲೆ ಹೆಮ್ಮೆಯಿತ್ತು. ಕೆಲಸದ ಸೈಟುಗಳಲ್ಲಿ ನಾನು ಚರ್ಚೆಯಲ್ಲಿ ಗೆದ್ದ ಕಪ್ಪುಗಳ ಫೋಟೋ ತೋರಿಸುತ್ತಿದ್ದ.

"ಪಾಯಿಂಟ್ ನಂಬರ್ ಥ್ರೀ." ನಾನು ಮುಷ್ಟಿ ಮುಂದೆ ತಂದು ಆಯಿಯ ತಾಟಿನ ಪಕ್ಕ ಬಿಚ್ಚಿದೆ. ಮಣ್ಣು ಬಿಳಿ ಲಾದಿಯ ಮೇಲೆ ಸುರಿಯಿತು. ಚೂರೂ ಅಂಟಿಕೊಳ್ಳಲಿಲ್ಲ. "ಈಗ ಅರ್ಧಾ ತಾಸ ಹಿಂದ ಆಯಿ ತುಂಬಿದ ತಂಬಗಿ ಒಯ್ದಳು, ಖಾಲೀದ ತಂದಳು. ಇದು ಗಿಡದ ಬುಡದ ಮಣ್ಣ. ಮುಟ್ಟಿ ನೋಡ್ರಿ. ಒಣಾ. ನೀರ ಎಲ್ಲಿ ಹೋತು?"

ಯಾರೂ ನಗಲಿಲ್ಲ. ಆಯಿ ನನ್ನನ್ನು ನೋಡಲಿಲ್ಲ, ಮಣ್ಣನ್ನು ನೋಡಿದಳು. ಎರಡು ಬೆರಳಲ್ಲಿ ಚಿಟಿಕೆ ತೆಗೆದುಕೊಂಡು ಉಜ್ಜಿ ನೋಡಿದಳು, ಅಂಗಡಿಯಲ್ಲಿ ಹಿಟ್ಟು ನೋಡುವವಳಂತೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇರೇನೋ ಇತ್ತು. ಸೋಜಿಗ ಅನ್ನಬಹುದು.

"ಬುಡದಾಗ್ಯಾಕ ನೋಡಿದಿ ನೀ?" ಅಂದಳು. "ಬುಡದಾಗ ಏನ..."

"ಸಬ್ಜೆಕ್ಟ್ ಚೇಂಜ್ ಮಾಡಬ್ಯಾಡ, ಆಯಿ. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ. ನೀರ ಕುಡದಿ ಏನ ಇಲ್ಲ?"

ಅವಳ ಬಾಯಿ ಇನ್ನೂ ಅರ್ಧ ತೆರೆದಿತ್ತು. ಮೊದಲು ಅಪ್ಪನ ಕಡೆ ನೋಡಿದಳು, ಆಮೇಲೆ ಅವ್ವನ ಕಡೆ. ಅವರಿಬ್ಬರೂ ಉತ್ತರಕ್ಕಾಗಿಯೇ ಕಾಯುತ್ತಿದ್ದರು. ಆಗ ಅವಳಿಗೆ ಏನು ಕಂಡಿತೋ, ಬಾಯಿ ಮುಚ್ಚಿಕೊಂಡಳು.

"ಗೆದ್ದಿ ಬಿಡು," ಅಂದಳು.

ಉಳಿದ ರೊಟ್ಟಿಯನ್ನು ಅವ್ವನ ಕಡೆ ಸರಿಸಿದಳು. ಜೀವಮಾನವಿಡೀ ತಾಟಿನಲ್ಲಿ ಕೈ ತೊಳೆದವಳು ಅಂದು ಲೋಟಕ್ಕೆ ಕೈ ಹಾಕಲಿಲ್ಲ. ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಗೋಡೆ ಹಿಡಿದು ಎದ್ದಳು.

"ಮಗು ಹೇಳುವುದೂ ಸರಿ ಉಂಟಲ್ಲ," ಅಂದರು ವಾರಿಜಕ್ಕ, ಮೆಲ್ಲಗೆ, ಯಾರಿಗೂ ಅಲ್ಲದಂತೆ.

ಅಪ್ಪ ಊಟ ಬಿಟ್ಟು ಎದ್ದು ಹಿತ್ತಲ ಬಾಗಿಲ ಮೇಲಿನ ಅಗಳಿ ಹಾಕಿದ. ಆಯಿಯ ಕೈಗೆ ಎಟುಕದ ಅಗಳಿ ಅದು. ಅವ್ವ ತಂಬಿಗೆಯನ್ನು ಅಟ್ಟಕ್ಕೆ ಏರಿಸಿದಳು. ನನ್ನ ವಾದಕ್ಕೆ ಇಷ್ಟು ಬೇಗ ಇಷ್ಟು ಪರಿಣಾಮ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮುಂದಿನ ಎರಡು ಸಲ ತೂಕ ಇಳಿಯಿತು. ಅರ್ಧ ಕಿಲೋ, ಮತ್ತೆ ಕಾಲು ಕಿಲೋ. ನಾನು ಬೀಗಿದೆ. ಮೂರನೆಯ ಸಲ ಮತ್ತೆ ಏರಿತು, ನಾಲ್ಕು ಕಿಲೋ ಮುಟ್ಟಿತು. ಅಗಳಿ ಹಾಕಿತ್ತು, ತಂಬಿಗೆ ಅಟ್ಟದಲ್ಲಿತ್ತು, ಇಡೀ ಮನೆಯ ಕಣ್ಣು ಆಯಿಯ ಮೇಲಿತ್ತು. ಆ ದಿನ ಅಪ್ಪನ ಜೊತೆ ನಾನೇ ಹೋಗಿದ್ದೆ. ಟೆಕ್ನಿಷಿಯನ್‌ನ ಮುಂದೆ ನನ್ನ ಬಾಟಲಿಯ ಲೆಕ್ಕ ಒಪ್ಪಿಸಿದೆ. ಅವನು ಸುಸ್ತಾಗಿದ್ದ.

"ಹರ್ ಬಾರ್ ಪಾನೀ ಪೀನೇ ಸೇ ನಹೀಂ ಹೋತಾ, ಬೇಟಾ. ದಿಲ್ ಕಮಜೋರ್ ಹೋ ಗಯಾ ಹೈ ಆಜೀ ಕಾ."

ಪ್ರತಿ ಸಲ ನೀರು ಕುಡಿದೇ ಹೀಗಾಗಬೇಕೆಂದಿಲ್ಲ, ಹೃದಯ ಸೋತಿದೆ. ಅಂದರೆ ನನ್ನ ಮೊದಲ ಪಾಯಿಂಟಿಗೆ ಕಾಲೇ ಇರಲಿಲ್ಲ. ಮನೆಗೆ ಬಂದು ಇದನ್ನು ಹೇಳಬೇಕಿತ್ತು. ನಾನು ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಅಗಳಿ ತೆಗೆಯುವುದಕ್ಕೆ ಯಾರಾದರೂ ಒಬ್ಬರು ಮೊದಲು ಏಳಬೇಕಿತ್ತು, ಯಾರೂ ಏಳಲಿಲ್ಲ. ಎರಡನೆಯ ಪಾಯಿಂಟ್ ಇನ್ನೂ ನಿಂತಿದೆಯಲ್ಲ, ಮೂರನೆಯದೂ ನಿಂತಿದೆಯಲ್ಲ ಎಂದು ನಾನು ನನಗೇ ಹೇಳಿಕೊಂಡೆ.

ಆಯಿ ಮುಂಬಾಗಿಲಲ್ಲಿ ಕೂರತೊಡಗಿದಳು. ಅಲ್ಲಿ ಕಾಣುತ್ತಿದ್ದುದು ಬಿಲ್ಡಿಂಗಿನ ಮೀಟರ್ ಬಾಕ್ಸ್ ಮತ್ತು ಸೈಕಲ್ಲು. ಅಡುಗೆಮನೆಗೆ ಬಂದಾಗೊಮ್ಮೆ ಕಿಟಕಿಯಲ್ಲಿ ಇಣುಕಿ, "ಎಲಿ ಉದರಾಕತ್ತಾವ," ಅನ್ನುತ್ತಿದ್ದಳು. ಬಹಾವಾ ಬೇಸಿಗೆಯಲ್ಲಿ ಎಲೆ ಉದುರಿಸುವುದು ನಾರ್ಮಲ್ ಎಂದು ನಾನು ಹೇಳುತ್ತಿದ್ದೆ. ಅದು ಸರಿಯೂ ಆಗಿತ್ತು. ಆ ಇಡೀ ಬೇಸಿಗೆ ನಾನು ಸರಿಯಾಗಿಯೇ ಮಾತಾಡಿದೆ. ಒಂದು ಸಂಜೆ ಅಂತರಶಾಲಾ ಸ್ಪರ್ಧೆಯ ವಿಷಯ ಹಿಡಿದು ಅವಳ ಮುಂದೆ ನಿಂತು, ಪರ, ವಿರುದ್ಧ ಎರಡನ್ನೂ ಹೇಳಿ ಮುಗಿಸಿ, ತೀರ್ಪು ಕೇಳಿದೆ.

"ಯಾವ ಕಡೆ ಖರೆ, ಆಯಿ?"

"ನೀ ಇದ್ದ ಕಡೆನ ಖರೆ ಇರ್ತೈತಿ, ತಗೋ."

ಮಳೆಗಾಲದ ಎರಡನೆಯ ವಾರದಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೊನೆಯ ದಿನ, ಕಣ್ಣು ತೆರೆಯುವುದನ್ನು ನಿಲ್ಲಿಸಿದ ಮೇಲೆ, ನರ್ಸ್ ಬಂದು ಅಪ್ಪನ ಭುಜ ಮುಟ್ಟಿ ಮರಾಠಿಯಲ್ಲಿ ಹೇಳಿದಳು: ಈಗ ನೀರು ಕೊಡಿ, ಎಷ್ಟು ಬೇಕಾದರೂ ಕೊಡಿ. ಅಪ್ಪ ನನ್ನ ಕೈಯಲ್ಲಿದ್ದ ಬಾಟಲಿಯನ್ನು ತೆಗೆದುಕೊಂಡ. ಅದು ತುಂಬಿತ್ತು, ಅಂದು ಬೆಳಿಗ್ಗೆಯೂ ನಾನು ಅಳತೆ ಮಾಡಿಯೇ ತುಂಬಿದ್ದೆ. ಚಮಚದಲ್ಲಿ ಬಿಟ್ಟ ನೀರು ಒಂದು ಬದಿಯಿಂದ ಹೊರಬಂದು ದಿಂಬಿಗೆ ಇಳಿಯಿತು. ಹೊರಗೆ ಸಯನ್‌ನ ರಸ್ತೆಗಳಲ್ಲಿ ಸೊಂಟದ ತನಕ ನೀರು ನಿಂತಿತ್ತು.

ಮರುವರ್ಷದ ಮಾರ್ಚಿನಲ್ಲಿ ಹಿತ್ತಲಿಗೆ ಹೆಗ್ಗಣ ಬಂತು. ಇನ್ನು ತಡೆಯುವವರು ಯಾರೂ ಇಲ್ಲವಾದ್ದರಿಂದ, ಗಿಡದ ದಿಬ್ಬ ಬಿಟ್ಟು ಉಳಿದ ಜಾಗಕ್ಕೆ ಲಾದಿ ಹಾಕುವುದೆಂದು ಅಪ್ಪ ತೀರ್ಮಾನಿಸಿದ. ಒಂದು ಭಾನುವಾರ ಕಸ ಬಳಿದು, ಅಲ್ಲಲ್ಲಿ ಬಿದ್ದಿದ್ದ ಚೂರುಗಳನ್ನು ನಾನೂ ಅವನೂ ಆರಿಸತೊಡಗಿದೆವು. ಕಂಪೌಂಡ್ ಗೋಡೆಗೆ ತಗುಲಿ, ಗಿಡದಿಂದ ಮೂರು ಮೊಳ ದೂರದಲ್ಲಿ, ಒಂದು ನೀಲಿ ಲಾದಿಯ ತುಂಡು ಮಣ್ಣಿಗೆ ಮಲಗಿತ್ತು. ವರ್ಷಗಟ್ಟಲೆ ನಾನು ಅದನ್ನು ತುಳಿದಿದ್ದೆ, ಅದರ ಮೇಲೆ ನಿಂತು ಭಾಷಣ ಮಾಡಿದ್ದೆ. ಅಪ್ಪ ಅದನ್ನು ಎತ್ತಿದ. ಕೆಳಗೆ ಒಂದು ದುಂಡನೆಯ ಬಾಯಿ. ಕತ್ತಿನ ತನಕ ಹೂತ ಮಣ್ಣಿನ ಗಡಿಗೆ. ಒಳಗೆ ಕೈ ಹಾಕಿದರೆ ತಂಪು, ಖಾಲಿ. ಅಪ್ಪ ಅದನ್ನು ಅಲುಗಿಸಿ ಎಳೆಯಲು ನೋಡಿದ. ಬರಲಿಲ್ಲ. ಸುತ್ತ ಮಣ್ಣು ಬಿಡಿಸಿದಾಗ ಕಂಡಿತು: ದಿಬ್ಬದ ಕಡೆಯಿಂದ ಬಂದ ನೂರಾರು ಕೂದಲೆಳೆ ಬೇರುಗಳು ಗಡಿಗೆಯನ್ನು ಬಲೆಯಂತೆ ಹೆಣೆದು ಹಿಡಿದಿದ್ದವು.

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಇದು ನನ್ನ ಗಡಗಿ," ಅಂದಳು. ಮೇಲಿನ ಕಿಟಕಿಯತ್ತ ನೋಡಿ, "ಯವ್ವಾ, ವಾರಿಜಕ್ಕಗ ಏನೇನ ಅಂದ್ನೆಲ್ಲ ನಾ," ಅಂದಳು.

ಅಪ್ಪ ಕೂತೇ ಇದ್ದ. ಗಡಿಗೆಯ ಬಾಯಿಯ ಸುತ್ತ ಬೆರಳಾಡಿಸುತ್ತ, ತನಗೇ ಹೇಳಿಕೊಳ್ಳುವವನಂತೆ ಹೇಳಿದ.

"ನಮ್ಮೂರಾಗ ಹಿಂಗ ಹುಗೀತಿದ್ರು. ಗಡಗಿ ಮೈಯಿಂದ ನೀರ ಜಿನಗತೈತಿ, ಸಾವಕಾಶ. ಬುಡಕ್ಕ ಹಾಕಿದ್ರ ಬೇರ ಅಲ್ಲೇ ಕುಂದರ್ತಾವ. ದೂರ ಇಟ್ರ ಹುಡಿಕ್ಕೊಂಡ ಬರ್ತಾವ, ಗಿಡಾ ಗಟ್ಟಿ ಆಗತೈತಿ."

"ನಿನಗ ಗೊತ್ತಿತ್ತಾ, ಅಪ್ಪಾ?"

"ಮಾಡೂದ ಗೊತ್ತಿತ್ತು. ಇಲ್ಲೆ ಮಾಡ್ಯಾಳಂತ ಗೊತ್ತಿರಲಿಲ್ಲ." ಆಮೇಲೆ, ತಲೆ ಎತ್ತದೆ, "ಆವತ್ತ ಬುಡದಾಗ್ಯಾಕ ನೋಡಿದಿ ಅಂದ್ಲಲ್ಲ. ಆಗರ ಹೊಳೀಬೇಕಿತ್ತ ನನಗ."

ಹಿತ್ತಲಿಗೆ ಲಾದಿ ಹಾಕಲಿಲ್ಲ. ಗಡಿಗೆಯ ಸುತ್ತ ಮಣ್ಣು ಮತ್ತೆ ಒತ್ತಿ, ಅದರ ಮೇಲೆ ಅದೇ ನೀಲಿ ತುಂಡು ಮುಚ್ಚಿದೆವು.

ಇಲ್ಲಿಗೆ ಕತೆ ಮುಗಿಸಿದರೆ ನಾನು ತಪ್ಪಿತಸ್ಥೆ, ಆಯಿ ನಿರಪರಾಧಿ. ಅಷ್ಟು ಸುಲಭವಾಗಿ ಬಗೆಹರಿದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಆದರೆ ವಾದದ ಅಭ್ಯಾಸ ಬಿಡುವುದಿಲ್ಲ. ಗಡಿಗೆ ಸಿಕ್ಕಿತು ಎಂದರೆ ಆಯಿ ಅದಕ್ಕೆ ನೀರು ಹಾಕುತ್ತಿದ್ದಳು ಎಂದು ಮಾತ್ರ ಸಿದ್ಧವಾಗುತ್ತದೆ. ತಾನು ಒಂದು ಗುಟುಕೂ ಕುಡಿಯುತ್ತಿರಲಿಲ್ಲ ಎಂದು ಸಿದ್ಧವಾಗುವುದಿಲ್ಲ. ಅವಳ ಮೊಣಕೈ ಮೇಲೆ ಹೋದದ್ದನ್ನು ನಾನು ಕಂಡಿದ್ದೇನೆ. ಕುಡಿಯಲಿಲ್ಲವಾದರೆ ಅವತ್ತು ಯಾಕೆ ಇಲ್ಲ ಅನ್ನಲಿಲ್ಲ? ಕುಡಿದಿದ್ದರೆ ಬುಡದ ಮಾತು ಯಾಕೆ ಎತ್ತಿದಳು? ಅರ್ಧ ಗಡಿಗೆಗೆ, ಅರ್ಧ ತನಗೆ ಇರಬಹುದೆ? ಬಿಸಿಲಲ್ಲಿ ಗಿಡವೂ ಅವಳೂ ಎದುರುಬದುರು ಕೂತು ಹಂಚಿಕೊಂಡಿರಬಹುದೆ? ಮಾತಿನ ನಡುವೆ ನಾನು ಬಾಯಿ ಹಾಕದೆ ಇದ್ದಿದ್ದರೆ ಆ ವಾಕ್ಯ ಹೇಗೆ ಮುಗಿಯುತ್ತಿತ್ತು ಎಂಬುದು ನನಗೆ ಇಂದಿಗೂ ಬೇಕು. ಎಷ್ಟೋ ಸಲ ಒಬ್ಬಳೇ ಪರವಾಗಿ ನಿಂತು ವಾದಿಸಿದ್ದೇನೆ, ವಿರುದ್ಧವಾಗಿ ನಿಂತೂ ವಾದಿಸಿದ್ದೇನೆ. ಎರಡೂ ಖರೆ ಅನಿಸುತ್ತವೆ. ತೀರ್ಪು ಕೊಡಲು ಮೆಟ್ಟಿಲ ಮೇಲೆ ಯಾರೂ ಇಲ್ಲ.

ಗಡಿಗೆ ಸಿಕ್ಕ ವರ್ಷದ ಮೇ ತಿಂಗಳಲ್ಲಿ ವಾರಿಜಕ್ಕ ತಮ್ಮ ಕಿಟಕಿಯಿಂದ ಕೂಗಿದರು.

"ಏ ಶೈಲಾ, ನಿಮ್ಮ ಮರ ಹೂ ಬಿಟ್ಟಿದೆ ಮಾರಾಯ್ತಿ! ನಿಮಗೆ ಕಾಣುವುದಿಲ್ವಾ?"

ಕಾಣುತ್ತಿರಲಿಲ್ಲ. ಪತ್ರಾದ ಮೇಲಿನಿಂದ ಗೋಡೆಯಾಚೆ ಬಾಗಿ, ಪಕ್ಕದ ಬಿಲ್ಡಿಂಗಿನ ಕಡೆಗೆ ಎರಡು ಗೊಂಚಲು ಇಳಿಬಿಟ್ಟಿತ್ತು. ನಾವು ಮೂವರೂ ಮಹಡಿ ಹತ್ತಿ, ವಾರಿಜಕ್ಕನ ಅಡುಗೆಮನೆಯಲ್ಲಿ ಸಾಲಾಗಿ ನಿಂತು ನಮ್ಮದೇ ಗಿಡವನ್ನು ನೋಡಿದೆವು. ಒಂದೆಲೆಯೂ ಇಲ್ಲದ ಕೊಂಬೆಯಲ್ಲಿ ಅಷ್ಟು ಹಳದಿ. ವಾರಿಜಕ್ಕ ಎಲ್ಲರಿಗೂ ಒಂದೊಂದು ಲೋಟ ನೀರು ಕೊಟ್ಟರು, ನಾವು ಕಿಟಕಿಯ ಎದುರಿಗೇ ನಿಂತು ಕುಡಿದೆವು. ಕುಡಿದು ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಈಗ ನಾನು ಕಾಲೇಜು ಹುಡುಗರಿಗೆ ಚರ್ಚಾಸ್ಪರ್ಧೆಗೆ ತರಬೇತಿ ಕೊಡುತ್ತೇನೆ. ಮನೆ ಅದೇ, ಹಿತ್ತಲು ಅದೇ. ಮರ ವಾರಿಜಕ್ಕನ ಕಿಟಕಿಯನ್ನೂ ದಾಟಿದೆ, ಅದಕ್ಕೆ ನೀರು ಬೇಕಾಗಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಮಳೆ ನಿಂತ ಮೇಲಿನ ಎಲ್ಲ ತಿಂಗಳುಗಳಲ್ಲೂ ಬೆಳಿಗ್ಗೆ ನಳ ಬಂದಾಗ ಒಂದು ತಂಬಿಗೆ ತುಂಬಿ, ನೀಲಿ ಲಾದಿ ಸರಿಸಿ, ಗಡಿಗೆಗೆ ಸುರಿಯುತ್ತೇನೆ. ಮರುದಿನ ಲಾದಿ ಎತ್ತಿದರೆ ಗಡಿಗೆ ಖಾಲಿಯಾಗಿರುತ್ತದೆ. ಯಾರು ಕುಡಿದರು ಎಂದು ಕೇಳದೆ ಮತ್ತೆ ತುಂಬುತ್ತೇನೆ.